ಕೂಲಿ, ಕಪಟ ಮತ್ತು ಸಾಕ್ಷ್ಯ: ಮುಖ ಕಾಣದ ಮಾರುಕಟ್ಟೆಯ ಒಂದು ಧರ್ಮಪ್ರಶ್ನೆ

ಕೂಲಿ ಪಡೆದು ಕೆಲಸ ಮಾಡದೆ ಹೋದವನನ್ನು, ಅಥವಾ ಮಾಡಿದಂತೆ ತೋರಿಸಿ ವಂಚಿಸಿದವನನ್ನು, ಹೇಗೆ ನಡೆಸಿಕೊಳ್ಳಬೇಕು ಎಂಬುದು ಧರ್ಮಶಾಸ್ತ್ರಕ್ಕೆ ಹೊಸ ಪ್ರಶ್ನೆಯಲ್ಲ. ರಾಜನ ಮುಂದೆ ಬರುವ ವ್ಯಾಜ್ಯಗಳನ್ನು ಶಾಸ್ತ್ರಕಾರರು ‘ವ್ಯವಹಾರಪದ’ಗಳೆಂಬ ಹದಿನೆಂಟು ತಲೆಬರಹಗಳಲ್ಲಿ ವಿಂಗಡಿಸಿದಾಗ ಕೂಲಿಯ ವ್ಯಾಜ್ಯಕ್ಕೂ ಅಲ್ಲೊಂದು ಸ್ಥಾನ ಕೊಟ್ಟಿದ್ದರು. ಆದರೆ ಆ ಶಾಸ್ತ್ರಗಳ ಕಣ್ಣಮುಂದಿದ್ದ ಕೆಲಸಗಾರ ಬಹುಮಟ್ಟಿಗೆ ಅದೇ ಊರಿನವನು. ಅವನ ಮನೆ, ಕುಲ, ಕಸುಬುಗಳೆಲ್ಲ ಕೆಲಸ ಕೊಟ್ಟವನಿಗೆ ಗೊತ್ತಿದ್ದವು, ಮತ್ತು ಮೋಸ ಮಾಡಿದ ಮೇಲೂ ಅದೇ ಬೀದಿಯಲ್ಲಿ ಓಡಾಡಬೇಕಾದ ನಾಚಿಕೆಯೇ ಅವನಿಗೆ ಮೊದಲ ಕಡಿವಾಣವಾಗಿತ್ತು.

ಅಂತರ್ಜಾಲದ ಕೆಲಸದ ಮಾರುಕಟ್ಟೆ ಈ ಕಡಿವಾಣವನ್ನು ಕಳಚಿತು. 1999ರಲ್ಲಿ ಆರಂಭವಾದ ಈಲ್ಯಾನ್ಸ್ ಮತ್ತು ಅದರ ಬೆನ್ನಿಗೆ ಬಂದ ಓಡೆಸ್ಕ್ ಒಂದಾಗಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ತಾಳಿದವು. 2010ರಲ್ಲಿ ಇಸ್ರೇಲಿನಲ್ಲಿ ಹುಟ್ಟಿದ ಫೈವರ್ ಐದು ಡಾಲರಿನ ಬಿಡಿಗೆಲಸಗಳಿಂದ ಹೆಸರಾಯಿತು. ಇಂಥ ವೇದಿಕೆಗಳಲ್ಲಿ ಯಾವ ಸಂಸ್ಥೆಯ ನೌಕರನೂ ಆಗದೆ ಗುತ್ತಿಗೆಯ ಮೇಲೆ ಬಿಡಿ ಕೆಲಸ ಮಾಡಿಕೊಡುವವನನ್ನು ಫ್ರೀಲ್ಯಾನ್ಸರ್ ಎನ್ನುತ್ತಾರೆ. ಕೆಲಸ ಕೊಡುವವನಿಗೆ ಅವನ ಬಗ್ಗೆ ಕಾಣುವುದು ಒಂದು ಹೆಸರು, ಒಂದು ಭಾವಚಿತ್ರ, ಹಳೆಯ ಕೆಲಸದ ಕೆಲವು ಮಾದರಿಗಳು ಮತ್ತು ಹಿಂದಿನ ಗಿರಾಕಿಗಳು ಕೊಟ್ಟ ನಕ್ಷತ್ರಗಳು, ಅಂದರೆ ರೇಟಿಂಗ್, ಇಷ್ಟೇ. ಊರಿನ ಕಣ್ಣಿನ ಜಾಗದಲ್ಲಿ ವೇದಿಕೆಗಳು ಮೂರು ಏರ್ಪಾಡುಗಳನ್ನು ನಿಲ್ಲಿಸಿವೆ: ಕೆಲಸ ಒಪ್ಪಿಗೆಯಾಗುವವರೆಗೆ ಹಣವನ್ನು ಮಧ್ಯಸ್ಥರ ವಶದಲ್ಲಿಡುವ ಎಸ್ಕ್ರೋ, ಗಂಟೆಯ ಲೆಕ್ಕದ ಕೆಲಸದಲ್ಲಿ ಕಂಪ್ಯೂಟರ್ ಪರದೆಯ ಚಿತ್ರವನ್ನು ಆಗಾಗ ಸೆರೆಹಿಡಿಯುವ ಟ್ರ್ಯಾಕರ್, ಮತ್ತು ಕೆಲಸ ಮುಗಿದ ಮೇಲೆ ಇಬ್ಬರೂ ಪರಸ್ಪರರ ಬಗ್ಗೆ ಬರೆಯುವ ಅಭಿಪ್ರಾಯ. ಇಷ್ಟಿದ್ದರೂ ಮೋಸ ನಡೆಯುತ್ತದೆ. ಹಾಗೆ ಮೋಸಹೋದವನು ‘ಹೋದದ್ದು ಹೋಯಿತು’ ಎಂದು ಸುಮ್ಮನಾದರೆ ಅದು ಕ್ಷಮೆಯೆಂಬ ಗುಣವೋ, ಕರ್ತವ್ಯದಿಂದ ನುಣುಚಿಕೊಂಡ ದೋಷವೋ ಎಂಬುದು ಇಲ್ಲಿನ ಪ್ರಶ್ನೆ.

ಮೊದಲು ಮೋಸದ ಸ್ವರೂಪವನ್ನು ಗುರುತಿಸಬೇಕಾಗುತ್ತದೆ. ಬೇರೆಯವರ ಕೆಲಸವನ್ನು ತನ್ನ ಮಾದರಿಯೆಂದು ತೋರಿಸುವುದು, ಮಾತುಕತೆಗೆ ನುರಿತವನೊಬ್ಬ ಬಂದು ಕೆಲಸವನ್ನು ಗುಟ್ಟಾಗಿ ಇನ್ನೊಬ್ಬನಿಗೆ ದಾಟಿಸುವುದು, ನಕಲು ಮಾಡಿದ ಅಥವಾ ಯಂತ್ರ ಹೆಣೆದ ಬರಹವನ್ನು ಸ್ವಂತದ್ದೆಂದು ಒಪ್ಪಿಸುವುದು, ಗಂಟೆಗಳನ್ನು ಹಿಗ್ಗಿಸುವುದು, ವೇದಿಕೆಯ ಹೊರಗೆ ಮುಂಗಡ ಪಡೆದು ಕಾಣೆಯಾಗುವುದು, ಜಾಲತಾಣದ ಪಾಸ್‌ವರ್ಡನ್ನು ಒತ್ತೆಯಿಟ್ಟುಕೊಂಡು ಹೆಚ್ಚು ಹಣ ಕೇಳುವುದು, ದುಡ್ಡು ಕೊಟ್ಟು ಹೊಗಳಿಕೆ ಬರೆಸುವುದು ಇದರ ಪರಿಚಿತ ರೂಪಗಳು. ಇವುಗಳಿಗೆ ಅಚ್ಚರಿಯೆನಿಸುವಷ್ಟು ಸಮೀಪದ ವರ್ಗೀಕರಣವೊಂದು ಜೈನರ ‘ತತ್ತ್ವಾರ್ಥಸೂತ್ರ’ದಲ್ಲಿದೆ. ಗೃಹಸ್ಥನು ಹಿಡಿಯುವ ಚಿಕ್ಕ ವ್ರತಗಳಿಗೆ ಅಣುವ್ರತವೆಂದೂ, ವ್ರತವನ್ನು ಪೂರ್ತಿ ಮುರಿಯದೆ ಅದರ ಅಂಚನ್ನು ದಾಟುವ ತಪ್ಪಿಗೆ ಅತಿಚಾರವೆಂದೂ ಹೆಸರು. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು, ಮತ್ತು ನ್ಯಾಸಾಪಹಾರ, ಅಂದರೆ ನಂಬಿ ಒಪ್ಪಿಸಿದ್ದನ್ನು ನುಂಗುವುದು ಸೇರಿವೆ. ಕಳ್ಳತನ ಮಾಡೆನೆಂಬ ಅಚೌರ್ಯವ್ರತದ ಅತಿಚಾರಗಳಲ್ಲಿ ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದೂ, ಪ್ರತಿರೂಪಕ ವ್ಯವಹಾರ, ಅಂದರೆ ಅಸಲಿನಂತೆ ಕಾಣುವ ನಕಲಿಯನ್ನು ಅಸಲೆಂದು ಮಾರುವುದೂ ಎಣಿಕೆಯಾಗಿವೆ. ಹಿಗ್ಗಿಸಿದ ಗಂಟೆ ಸುಳ್ಳು ಅಳತೆಯಾಗುತ್ತದೆ, ಕದ್ದ ಮಾದರಿ ಪ್ರತಿರೂಪಕವಾಗುತ್ತದೆ, ಕೊಂಡ ಹೊಗಳಿಕೆ ಕೂಟಲೇಖವಾಗುತ್ತದೆ. ಅತಿಚಾರವೆಂಬ ಪರಿಕಲ್ಪನೆಯ ಸೂಕ್ಷ್ಮತೆ ಇರುವುದು ಅದು ಮನುಷ್ಯನ ಆತ್ಮವಂಚನೆಯನ್ನು ಹಿಡಿಯುವ ರೀತಿಯಲ್ಲಿ: ಇಂಥ ತಪ್ಪು ಮಾಡುವವನು ತನ್ನನ್ನು ಕಳ್ಳನೆಂದು ಎಂದೂ ಎಣಿಸುವುದಿಲ್ಲ, ಏಕೆಂದರೆ ಅವನು ಏನೋ ಒಂದನ್ನು ಒಪ್ಪಿಸಿಯೇ ಇರುತ್ತಾನೆ, ಮತ್ತು ಒಪ್ಪಂದದ ಅಕ್ಷರ ಬಹುಮಟ್ಟಿಗೆ ಉಳಿದೇ ಇರುತ್ತದೆ.

ಆದರೆ ಕೆಟ್ಟ ಕೆಲಸವೆಲ್ಲ ಮೋಸವಲ್ಲ. ಈ ವಿವೇಚನೆಯಲ್ಲಿ ಹಳೆಯ ಶಾಸನಕಾರರು ಇಂದಿನ ಕೋಪಗೊಂಡ ಗಿರಾಕಿಗಿಂತ ಎಚ್ಚರದಿಂದಿದ್ದರು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಹಸ್ತಪ್ರತಿಯಾಗಿ ಬಂದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವು, ಹೇಳಿದ್ದನ್ನು ಬಿಟ್ಟು ಬೇರೆ ರೀತಿಯಲ್ಲಿ ಕೆಲಸ ಮಾಡಿದ ಕುಶಲಕರ್ಮಿ ಕೂಲಿಯನ್ನು ಕಳೆದುಕೊಳ್ಳುವುದಲ್ಲದೆ ಅದರ ಎರಡರಷ್ಟು ದಂಡ ತೆರಬೇಕೆಂದೂ, ಹೊತ್ತು ಮೀರಿಸಿದವನಿಗೆ ಕಾಲುಭಾಗ ಕೂಲಿ ಕಡಿತವೆಂದೂ ಕಠಿಣವಾಗಿ ವಿಧಿಸುತ್ತದೆ. ಅದೇ ಗ್ರಂಥ ಕೂಲಿಯಾಳಿನ ಅಶಕ್ತಿ, ರೋಗ, ಆಪತ್ತುಗಳನ್ನು ವಿನಾಯಿತಿಗೆ ಅರ್ಹವೆಂದು ಒಪ್ಪಿ, ಅಂಥ ಸಂದರ್ಭದಲ್ಲಿ ಇನ್ನೊಬ್ಬನಿಂದ ಕೆಲಸ ಮಾಡಿಸಲೂ ಅವಕಾಶ ಕೊಡುತ್ತದೆ. ಇದರಿಂದ ಒಂದು ಮುಖ್ಯ ಅಂಶ ತಿಳಿಯುತ್ತದೆ: ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡುವುದು ತನ್ನಷ್ಟಕ್ಕೆ ಅಧರ್ಮವಲ್ಲ, ಅದನ್ನು ಮುಚ್ಚಿಟ್ಟಾಗಷ್ಟೇ ಅದು ಕಪಟವಾಗುತ್ತದೆ. ಕೈಲಾಗದವನಿಗೆ ತಿದ್ದುಪಡಿ ಸಾಕು, ಕಪಟಿಗೆ ಸಾಲದು. ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ತೀರ್ಪು ಕೊಟ್ಟವನೇ ಅನ್ಯಾಯ ಮಾಡಿದಂತಾಗುತ್ತದೆ.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯೂ ಈ ತೂಕವನ್ನು ಕಾಪಾಡುತ್ತದೆ. ಕೂಲಿ ಪಡೆದ ಮೇಲೆ ಕೆಲಸ ಬಿಟ್ಟವನು ಅದರ ಎರಡರಷ್ಟನ್ನು ಕೊಡಬೇಕು, ಪಡೆಯುವ ಮೊದಲೇ ಬಿಟ್ಟವನು ಕೂಲಿಯಷ್ಟನ್ನು ಕೊಟ್ಟರೆ ಸಾಕು. ಹೊರೆಯನ್ನು ಅರ್ಧದಾರಿಯಲ್ಲಿ ಇಳಿಸಿಹೋದವನು ಪೂರ್ತಿ ಕೂಲಿಯಷ್ಟು ತೆರಬೇಕು, ಕೆಲಸವನ್ನು ನಡುವೆ ಬಿಡಿಸಿದ ಒಡೆಯನಿಗೂ ಅದೇ ನಿಯಮ ಅನ್ವಯಿಸುತ್ತದೆ. ದೋಷ ಎರಡೂ ಕಡೆಯಿಂದ ಹುಟ್ಟಬಲ್ಲದೆಂಬ ಅರಿವು ಇಲ್ಲಿ ಕಾನೂನಿನ ರೂಪ ತಾಳಿದೆ.

ಕಾನೂನು ಇಷ್ಟು ಮಾಡಬಲ್ಲದು. ಆದರೆ ನಂಬಿಕೆಗೆ ಅರ್ಹನಾದ ಮನುಷ್ಯನನ್ನು ಅದು ರೂಪಿಸಬಲ್ಲದೇ? ಪ್ಲೇಟೋನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಬರುವ ಗೈಜೀಸನ ಉಂಗುರದ ಕಥೆ ಈ ಸಂಶಯವನ್ನೇ ಎತ್ತುತ್ತದೆ: ತೊಟ್ಟವನನ್ನು ಅದೃಶ್ಯನನ್ನಾಗಿಸುವ ಉಂಗುರ ಸಿಕ್ಕಿದರೆ ಯಾರು ತಾನೆ ನ್ಯಾಯವಂತನಾಗಿ ಉಳಿದಾನು? ಬೇಕೆಂದಾಗ ಹೊಸ ಖಾತೆ ತೆರೆದು ಹಳೆಯ ಹೆಸರನ್ನು ಕಳಚಿಡುವ ಅವಕಾಶವಿರುವಲ್ಲಿ ಆ ಉಂಗುರ ಅಗ್ಗವಾಗಿ ದೊರೆತಂತೆಯೇ ಸರಿ. ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಗ್ರಂಥದಲ್ಲಿ, ಏನೂ ಅರಿಯದ ಮಗುವಿಗೂ ಸರಿಯಾದ ಬೆಲೆಗೇ ಮಾರುವ ಅಂಗಡಿಯವನ ಉದಾಹರಣೆ ಕೊಟ್ಟು, ಅವನು ವ್ಯಾಪಾರ ಕೆಡಬಾರದೆಂಬ ಲೆಕ್ಕದಿಂದ ಹಾಗೆ ಮಾಡಿದ್ದರೆ ಅವನ ನಡತೆ ಕರ್ತವ್ಯಕ್ಕೆ ಹೊಂದಿಕೆಯಾಗಿದೆಯೇ ಹೊರತು ಕರ್ತವ್ಯಪ್ರಜ್ಞೆಯಿಂದ ಹುಟ್ಟಿದ್ದಲ್ಲ ಎಂದು ವಿಶ್ಲೇಷಿಸಿದನು. ನಕ್ಷತ್ರಗಳ ಭಯದಿಂದ ಬರುವ ಪ್ರಾಮಾಣಿಕತೆ ಇದೇ ಬಗೆಯದು. ಲಾಭದ ಲೆಕ್ಕ ತಿರುಗಿದ ದಿನ ಅದೂ ತಿರುಗುತ್ತದೆ.

ಈ ಕೊರತೆಗೆ ಉತ್ತರವೆನ್ನಬಹುದಾದ ಚಿಂತನೆ ಮಿತಾಕ್ಷರಾ ಹುಟ್ಟಿದ ಅದೇ ಕಲ್ಯಾಣದಲ್ಲಿ, ಮುಂದಿನ ತಲೆಮಾರುಗಳಲ್ಲಿ, ಬಸವಣ್ಣನವರ ಸುತ್ತ ನೆರೆದ ಶರಣರಿಂದ ಬಂದಿತು. ಅವರು ಹೊಟ್ಟೆಪಾಡಿನ ಕಸುಬನ್ನು ಕಾಯಕವೆಂದು ಕರೆದು ಅದನ್ನು ಪೂಜೆಯ ಎತ್ತರಕ್ಕೆ ಏರಿಸಿದರು; ಕಾಯಕದಿಂದ ಬಂದುದನ್ನು ಸಮುದಾಯದೊಡನೆ ಹಂಚಿಕೊಳ್ಳುವುದನ್ನು ದಾಸೋಹವೆಂದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದ ಪ್ರಸಂಗ ಶರಣಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಆ ಅಕ್ಕಿಯನ್ನು ಯಾರೂ ಲೆಕ್ಕವಿಟ್ಟಿರಲಿಲ್ಲ, ಕೇಳುವವರೂ ಇರಲಿಲ್ಲ. ಲೆಕ್ಕ ಕೆಲಸದ ಒಳಗೇ ಇತ್ತು. ಹತ್ತು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ತೆಗೆಯುವ ಟ್ರ್ಯಾಕರ್ ಮೌಸಿನ ಚಲನೆಯನ್ನು ಅಳೆಯಬಹುದು, ಆದರೆ ಲಕ್ಕಮ್ಮನ ಪ್ರಶ್ನೆಯನ್ನು ಅದು ಕೇಳಲಾರದು. ಹಾಗೆಂದು ಈ ಆದರ್ಶವನ್ನು ಮೋಸಹೋದವನು ಮೋಸಗಾರನ ಮೇಲೆ ಹೇರಲೂ ಆಗದು, ಏಕೆಂದರೆ ಕಾಯಕನಿಷ್ಠೆ ಒಬ್ಬನು ತನಗೆ ತಾನೇ ವಿಧಿಸಿಕೊಳ್ಳುವ ನಿಯಮವೇ ಹೊರತು ಇನ್ನೊಬ್ಬನಿಂದ ವಸೂಲಿ ಮಾಡುವ ಬಾಕಿಯಲ್ಲ.

ಹಾಗಾದರೆ ಮೋಸಹೋದವನ ಪಾಲಿಗೆ ಉಳಿಯುವ ಧರ್ಮ ಯಾವುದು? ಇದನ್ನು ಕ್ಷಮೆ ಮತ್ತು ದಂಡಗಳ ನಡುವಿನ ಆಯ್ಕೆಯೆಂದು ನೋಡುವುದು ರೂಢಿ. ಆದರೆ ಇಲ್ಲಿ ಮೂರನೆಯದೊಂದು ಸ್ಥಾನವಿದೆ, ಅದು ಸಾಕ್ಷಿಯ ಸ್ಥಾನ. ಕಳೆದುಕೊಂಡ ಹಣ ಮೋಸಹೋದವನದು, ಕೋಪವೂ ಅವನದು. ಇವೆರಡನ್ನೂ ಬಿಟ್ಟುಕೊಡುವ ಹಕ್ಕು ಅವನಿಗಿದೆ, ಮತ್ತು ಬಿಟ್ಟುಕೊಟ್ಟರೆ ಅದು ನಿಜಕ್ಕೂ ಕ್ಷಮೆಯೇ. ಆದರೆ ಆ ನಷ್ಟದಿಂದ ಅವನಿಗೆ ದೊರೆತ ತಿಳಿವಳಿಕೆಗೆ, ಅದೇ ಕೆಲಸಗಾರನ ಬಾಗಿಲಿಗೆ ನಾಳೆ ಬರಲಿರುವ ಅಪರಿಚಿತನೂ ಹಕ್ಕುದಾರನಾಗಿರುತ್ತಾನೆ. ತನ್ನ ಸ್ವತ್ತನ್ನು ಬಿಟ್ಟುಕೊಡುವವನು ಉದಾರಿ, ಇನ್ನೊಬ್ಬನ ಸ್ವತ್ತನ್ನು ಬಿಟ್ಟುಕೊಡುವವನು ಉದಾರಿಯಲ್ಲ. ತಿಳಿದೂ ಸಾಕ್ಷ್ಯ ನುಡಿಯದವನಿಗೆ ಸುಳ್ಳುಸಾಕ್ಷಿಯ ಪಾಪವೂ ದಂಡವೂ ಸಮನಾಗಿ ತಗಲುತ್ತವೆ ಎಂಬ ಯಾಜ್ಞವಲ್ಕ್ಯನ ನಿಲುವು ಈ ಸಂದರ್ಭದಲ್ಲಿ ಹೊಸ ಅರ್ಥ ಪಡೆಯುತ್ತದೆ, ಏಕೆಂದರೆ ಮುಖ ಕಾಣದ ಮಾರುಕಟ್ಟೆಯಲ್ಲಿ ಹಿಂದಿನವರ ಸಾಕ್ಷ್ಯವನ್ನು ಬಿಟ್ಟರೆ ಮುಂದಿನವನಿಗೆ ಆಸರೆಯಾಗುವುದು ಬಹಳ ಕಡಿಮೆ. ಮುಂದುವರಿದು ಹೇಳುವುದಾದರೆ, ‘ಹಣ ವಾಪಸು ಕೊಡುತ್ತೇನೆ, ಐದು ನಕ್ಷತ್ರ ಕೊಡಿ’ ಎಂಬ ಕರಾರಿಗೆ ಒಪ್ಪಿದವನು ಕ್ಷಮಿಸಿದವನಲ್ಲ. ಅವನು ತನ್ನ ಸಾಕ್ಷ್ಯವನ್ನು ಮಾರಿದವನು, ಮತ್ತು ಅದರ ಬೆಲೆಯನ್ನು ತೆರುವವನು ಆ ಕರಾರಿನಲ್ಲಿ ಇಲ್ಲದ ಮೂರನೆಯವನು.

ಈ ವಾದಕ್ಕೆ ಎರಡು ಬಲವಾದ ಆಕ್ಷೇಪಗಳಿವೆ. ಒಂದು, ಗಿರಾಕಿ ವ್ಯಾಜ್ಯದಲ್ಲಿ ತಾನೇ ಒಬ್ಬ ಕಕ್ಷಿದಾರ. ಹಿತಾಸಕ್ತಿಯುಳ್ಳವನ ಸಾಕ್ಷ್ಯವನ್ನು ಧರ್ಮಶಾಸ್ತ್ರ ಸಂಶಯದಿಂದ ನೋಡುತ್ತದೆ, ಆದರೆ ರೇಟಿಂಗ್ ವ್ಯವಸ್ಥೆ ಅವನನ್ನೇ ಸಾಕ್ಷಿಯನ್ನಾಗಿಯೂ ನ್ಯಾಯಾಧೀಶನನ್ನಾಗಿಯೂ ಕೂರಿಸುತ್ತದೆ. ಇದಕ್ಕೆ ಪರಿಹಾರವಿರುವುದು ಮೌನದಲ್ಲಲ್ಲ, ಮಾತಿನ ಮಿತಿಯಲ್ಲಿ. ಯಾವ ಕೆಲಸ ಒಪ್ಪಿಕೊಳ್ಳಲಾಗಿತ್ತು, ಯಾವ ದಿನ ಏನು ಬಂದಿತು, ಯಾವುದು ಬರಲಿಲ್ಲ ಎಂಬ ಕಂಡ ಸಂಗತಿಯನ್ನು ಹೇಳುವುದು ಸಾಕ್ಷ್ಯ; ‘ಇವನು ಕಳ್ಳ’ ಎನ್ನುವುದು ತೀರ್ಪು; ‘ಈ ದೇಶದವರೆಲ್ಲ ಹೀಗೆಯೇ’ ಎನ್ನುವುದು ಸ್ವತಃ ಒಂದು ಸುಳ್ಳುಸಾಕ್ಷ್ಯ, ಏಕೆಂದರೆ ನುಡಿದವನು ಕಂಡದ್ದು ಒಬ್ಬನನ್ನು ಮಾತ್ರ. ಇಂಥ ವೇದಿಕೆಗಳಲ್ಲಿ ದುಡಿಯುವವರಲ್ಲಿ ಭಾರತೀಯರು ದೊಡ್ಡ ಸಂಖ್ಯೆಯಲ್ಲಿರುವುದರಿಂದ ಈ ಕೊನೆಯ ಅನ್ಯಾಯದ ಬಿಸಿ ಕನ್ನಡ ನಾಡಿನ ಪ್ರಾಮಾಣಿಕ ಕೆಲಸಗಾರನಿಗೂ ತಟ್ಟುವಂಥದ್ದು.

ಎರಡನೆಯ ಆಕ್ಷೇಪ ಕರುಣೆಯದು. ಒಂದು ನಕ್ಷತ್ರದ ಅಭಿಪ್ರಾಯ ಬಡ ಕೆಲಸಗಾರನೊಬ್ಬನ ಅನ್ನಕ್ಕೆ ಕಲ್ಲು ಹಾಕಬಹುದು. ಸತ್ಯ ನುಡಿದರೆ ಮನುಷ್ಯನೊಬ್ಬನ ಪ್ರಾಣವೇ ಹೋಗುವಂತಿದ್ದಾಗ ಸಾಕ್ಷಿ ಸುಳ್ಳು ನುಡಿಯಬಹುದೆಂದು ಯಾಜ್ಞವಲ್ಕ್ಯನೂ ವಿನಾಯಿತಿ ಕೊಡುತ್ತಾನೆ, ಆದರೆ ಅದಕ್ಕೆ ಪ್ರಾಯಶ್ಚಿತ್ತವನ್ನೂ ವಿಧಿಸುತ್ತಾನೆ. ಅಂದರೆ ಕರುಣೆಯಿಂದ ಆಡಿದ ಸುಳ್ಳು ಕೂಡ ಕಲೆಯಿಲ್ಲದ್ದಲ್ಲ. ಜೀವನೋಪಾಯದ ನಷ್ಟ ಪ್ರಾಣಹಾನಿಗೆ ಸಮವಲ್ಲವಾದ್ದರಿಂದ ಇಲ್ಲಿ ಸುಳ್ಳಿಗೆ ಅನುಮತಿ ದೊರೆಯುವುದಿಲ್ಲ, ಆದರೆ ಪ್ರಮಾಣದ ಎಚ್ಚರ ಅಗತ್ಯವಾಗುತ್ತದೆ: ಬರೆಯುವ ಮೊದಲು ಕೆಲಸಗಾರನಿಗೆ ಉತ್ತರಿಸಲು ಅವಕಾಶ ಕೊಡಬೇಕು, ತಡವನ್ನು ತಡವೆಂದೇ ಬರೆಯಬೇಕು, ತಿದ್ದಿಕೊಂಡಿದ್ದರೆ ಅದನ್ನೂ ದಾಖಲಿಸಬೇಕು.

ಇಷ್ಟಾದ ಮೇಲೆ ಸಾಕ್ಷಿಯ ಮಾತಿಗೆ ತೂಕ ಬರುವುದು ಅವನ ಸ್ವಂತ ನಡತೆಯಿಂದ. ಕುರಾನಿನ 83ನೆಯ ಅಧ್ಯಾಯ ಖಂಡಿಸುವುದು ತಾವು ಪಡೆಯುವಾಗ ಪೂರ್ತಿ ಅಳೆಸಿಕೊಂಡು ಕೊಡುವಾಗ ಕಡಿಮೆ ಅಳೆಯುವವರನ್ನು. ಈ ಖಂಡನೆ ಕೂಲಿಕಾರನಿಗೂ ಒಡೆಯನಿಗೂ ಒಂದೇ ಸಮನೆ ತಗಲುತ್ತದೆ. ಪರೀಕ್ಷೆಯ ಹೆಸರಿನಲ್ಲಿ ಪುಕ್ಕಟೆ ಕೆಲಸ ಮಾಡಿಸಿಕೊಂಡು ಬಳಸುವುದು, ಒಪ್ಪಂದವಾದ ಮೇಲೆ ಕೆಲಸವನ್ನು ಬೆಳೆಸುತ್ತ ಹೋಗುವುದು, ಕೆಟ್ಟ ರೇಟಿಂಗಿನ ಬೆದರಿಕೆಯಿಂದ ಹೆಚ್ಚಿನದನ್ನು ಹಿಂಡುವುದು, ಪ್ರಾಮಾಣಿಕವಾಗಿ ಮಾಡಲು ಸಾಧ್ಯವೇ ಇಲ್ಲದ ಬೆಲೆಗೆ ಕೆಲಸ ಕೇಳಿ ಬಳಿಕ ಗುಣಮಟ್ಟದ ಬಗ್ಗೆ ದೂರುವುದು ಒಡೆಯನ ಕಡೆಯ ಕಡಿಮೆ ಅಳತೆಗಳು. ಇವನ್ನು ಮಾಡಿದವನು ಮೋಸಹೋದಾಗ ಅವನ ನಷ್ಟ ನಿಜವೇ ಆಗಿರಬಹುದು, ಆದರೆ ತನ್ನ ಪಾಲನ್ನು ಮುಚ್ಚಿಟ್ಟು ನುಡಿದ ಸಾಕ್ಷ್ಯ ಅರ್ಧಸತ್ಯವಾಗಿಯೇ ಉಳಿಯುತ್ತದೆ.

ಆದ್ದರಿಂದ ಮೋಸಹೋದವನ ಕರ್ತವ್ಯಗಳಿಗೆ ಒಂದು ಕ್ರಮವಿದೆಯೆನ್ನಬಹುದು. ಅಶಕ್ತಿಯನ್ನೂ ಕಪಟವನ್ನೂ ಬೇರ್ಪಡಿಸಿ ನೋಡುವುದು ಮೊದಲನೆಯದು; ಎಸ್ಕ್ರೋ, ಮಧ್ಯಸ್ಥಿಕೆ ಅಥವಾ ಕಾನೂನಿನ ಮೂಲಕ ನಷ್ಟವನ್ನು ಕೇಳುವುದೋ ಬಿಡುವುದೋ ಎಂಬುದು ಎರಡನೆಯದು, ಅದು ಅವನ ಇಚ್ಛೆಗೆ ಸೇರಿದ್ದು; ಕಂಡದ್ದನ್ನು ಕಂಡಷ್ಟೇ ಹೇಳುವುದು ಮೂರನೆಯದು, ಅದು ಅವನ ಇಚ್ಛೆಗೆ ಸೇರಿದ್ದಲ್ಲ. ಹಗೆಯಿಲ್ಲದೆ ನುಡಿದ ಸಾಕ್ಷ್ಯ ಕ್ಷಮೆಗೆ ವಿರೋಧಿಯಲ್ಲ. ಹಣವನ್ನು ಮನ್ನಿಸಿ ಸತ್ಯವನ್ನು ಉಳಿಸಿಕೊಂಡವನು ಎರಡನ್ನೂ ಪಾಲಿಸಿದಂತಾಗುತ್ತದೆ, ಹಣವನ್ನು ಹಿಂಪಡೆದು ಸತ್ಯವನ್ನು ಮನ್ನಿಸಿದವನು ಎರಡನ್ನೂ ಕಳೆದುಕೊಳ್ಳುತ್ತಾನೆ.