ಬನವಿಲ್ಲದ ನಾಗ

ನಮ್ಮ ಕುಟುಂಬದ ಮೂಲನಾಗನ ಬನ ಇರುವುದು ಪುತ್ತೂರಿನಿಂದ ಕಾಣಿಯೂರಿನ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ. ಅರ್ಧ ಎಕರೆಯೂ ಇರಲಾರದು. ಒಂದು ಹಳೆಯ ಹಾಲೆಮರ, ಸುರಗಿ, ರೆಂಜೆ, ಕಾಸರಕ. ಅವುಗಳನ್ನೆಲ್ಲ ಹೆಣೆದುಕೊಂಡ ಬಳ್ಳಿಗಳು. ಏಪ್ರಿಲ್ ತಿಂಗಳಲ್ಲಿ ಪಕ್ಕದ ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕದಿದ್ದರೆ ಸೋಗೆ ಬಾಡುತ್ತದೆ. ಬನದೊಳಗೆ ತರಗೆಲೆ ಸರಿಸಿ ಬೆರಳಿಟ್ಟರೆ ಮಣ್ಣು ತಂಪು. ನಾಗರಪಂಚಮಿಗೆ ಹಾಲು, ಸೀಯಾಳದ ತನು ಎರೆಯಲು ಹೋದಾಗ ದೊಡ್ಡಪ್ಪ ನಮ್ಮನ್ನು ನಾಗನ ಕಲ್ಲಿನ ಎದುರೇ ನಿಲ್ಲಿಸುತ್ತಿದ್ದರು. ಅಲ್ಲಿ ಕತ್ತಿ ತಾಗಿಸುವಂತಿಲ್ಲ, ಬಿದ್ದ ಗೆಲ್ಲನ್ನೂ ಸೌದೆಗೆ ಒಯ್ಯುವಂತಿಲ್ಲ.

ಕಳೆದ ವರ್ಷ ಕುಟುಂಬದವರೆಲ್ಲ ಸೇರಿದಾಗ ಜೀರ್ಣೋದ್ಧಾರದ ಮಾತು ಬಂತು. ಮರ ತೆಗೆದು ಗ್ರಾನೈಟಿನ ಕಟ್ಟೆ, ಸುತ್ತ ಇಂಟರ್‌ಲಾಕ್. ಊರಲ್ಲಿ ಎಷ್ಟೋ ಮನೆಯವರು ಹಾಗೆ ಮಾಡಿದ್ದಾರೆ, ಭಕ್ತಿಯಿಂದಲೇ. ಮರ ಕಡಿದ ದೋಷಕ್ಕೆ ಪ್ರಾಯಶ್ಚಿತ್ತ ಇದೆ, ಆಶ್ಲೇಷಾ ಬಲಿ ಮಾಡಿಸಿದರಾಯಿತು ಎಂದರು ಹಿರಿಯರೊಬ್ಬರು. ನನಗೆ ಆ ಮಾತು ಇನ್ನೂ ಚುಚ್ಚುತ್ತಿದೆ. ನಾಗನಿಗೆ ಮಾಡಿದ ಅಪರಾಧಕ್ಕೆ ಬಲಿಯಿಂದ ಪರಿಹಾರ ಸಿಗಬಹುದು. ಹಾಲೆಮರಕ್ಕೆ, ಅದರ ಪೊಟರೆಯಲ್ಲಿದ್ದ ಜೀವಗಳಿಗೆ ಮಾಡಿದ ಅಪರಾಧಕ್ಕೆ ಏನು ಪರಿಹಾರ?

ದೊಡ್ಡಪ್ಪನ ಕಾಲದ ಹೆದರಿಕೆ ಬನವನ್ನು ಕಾಯಿತು, ಅದನ್ನು ಹಗುರಾಗಿ ಕಾಣಲಾರೆ. ಆದರೆ ಹೆದರಿಕೆ ಪರಿಹಾರವನ್ನು ಹುಡುಕುತ್ತದೆ, ಪರಿಹಾರ ಸಿಕ್ಕಿದ ಮೇಲೆ ಕೊಡಲಿಗೆ ದಾರಿ ಬಿಡುತ್ತದೆ. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ ಪಶ್ಚಿಮ ಘಟ್ಟದ ದೇವರಕಾಡುಗಳ ಬಗ್ಗೆ ಬರೆದಾಗ, ನಾವು ಮೂಢನಂಬಿಕೆ ಎನ್ನುತ್ತಿದ್ದದ್ದರಲ್ಲಿ ಅವರಿಗೆ ಜೀವವೈವಿಧ್ಯದ ರಕ್ಷಣೆ ಕಂಡಿತು. ನಮ್ಮ ಪುತ್ತೂರಿನಲ್ಲೇ ಬಾಳಿದ ಶಿವರಾಮ ಕಾರಂತರಿಗೆ ದೇವರ ಭಯವಿರಲಿಲ್ಲ. ಆದರೂ ಕೈಗಾ ಅಣುಸ್ಥಾವರವನ್ನು ವಿರೋಧಿಸಿ, ಆ ಇಳಿವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ನಿಂತರು. ಸೋತರು. ಕಾಡಿನ ಪರವಾಗಿ ನಿಲ್ಲಲು ಭಯ ಬೇಕಾಗಿಲ್ಲ ಎಂದು ನಾನು ನಂಬಿದ್ದು ಅವರಿಂದ.

ಅದೇ ವರ್ಷಗಳಲ್ಲಿ ಗಡಿಯಾಚೆ ಕೇರಳದ ಪಡ್ರೆಯಲ್ಲಿ, ಈಚೆ ಕೊಕ್ಕಡದ ಸುತ್ತ, ಸರಕಾರಿ ನಿಗಮಗಳ ಗೇರು ತೋಪುಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿತ್ತು. ಸುಮಾರು 2 ದಶಕ. ತೊಟ್ಟಿಲಲ್ಲಿದ್ದ ಮಕ್ಕಳನ್ನೂ ಅದು ಬಿಡಲಿಲ್ಲ. ಪಡ್ರೆಯ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬಂದ ರೋಗಿಗಳಲ್ಲಿ ಕಂಡದ್ದನ್ನು ಹೇಳಿದರು, ಪತ್ರಕರ್ತ ಶ್ರೀಪಡ್ರೆ ಬರೆದರು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಆ ಮಕ್ಕಳ ಮನೆಗಳಲ್ಲಿ ಇಂದಿಗೂ ತಾಯಂದಿರು ಬೆಳೆದ ಮಗನನ್ನು ಎತ್ತಿಕೊಂಡೇ ಸ್ನಾನ ಮಾಡಿಸುತ್ತಾರೆ. ಇದಕ್ಕೆ ಯಾವ ಪ್ರಾಯಶ್ಚಿತ್ತ?

ಅದೇ 2011ರಲ್ಲಿ ಪಶ್ಚಿಮ ಘಟ್ಟದ ರಕ್ಷಣೆಯ ಬಗ್ಗೆ ಗಾಡ್ಗೀಳ್ ಸಮಿತಿಯ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ ಬಂದವು. ಸುಳ್ಯ, ಕಡಬದ ಕಡೆ ಜನ ಬೀದಿಗಿಳಿದರು, ಜಾಗ ಹೋಗುತ್ತದೆಂಬ ಭಯಕ್ಕೆ. ಅವರನ್ನು ಕಾಡಿನ ವೈರಿಗಳೆಂದು ನಾನು ಕರೆಯಲಾರೆ. ಗ್ರಾಮಸಭೆಯಲ್ಲಿ ಕೇಳಿಯೇ ತೀರ್ಮಾನಿಸಿ ಎಂದು ಗಾಡ್ಗೀಳರೇ ಹೇಳಿದ್ದರು. ನಮ್ಮಲ್ಲಿ ಕೂತು ಕೇಳಿದವರನ್ನು ನಾನಂತೂ ಕಾಣೆ.

ನನ್ನ ಭರವಸೆ ಕೇಳುವ ಆ ಕೆಲಸದಲ್ಲೇ ಇದೆ. ನಾಗ ಕಲ್ಲಿನಲ್ಲಿ ಮಾತ್ರ ಇದ್ದಾನೆ ಎಂದರೆ ಅವನನ್ನು ಎಲ್ಲಿಗೂ ಸ್ಥಳಾಂತರಿಸಬಹುದು. ಬನವೇ ಅವನ ಶರೀರ ಎಂದು ಒಪ್ಪಿದರೆ ಅಲ್ಲಿ ಗರಗಸ ಇಡುವುದು ಪೂಜೆಯಾಗಲಾರದು. ನಾನು ಒಪ್ಪಿದ್ದು ಎರಡನೆಯದನ್ನು. ಕುಟುಂಬದ ಸಭೆಯಲ್ಲಿ ಅದನ್ನೇ ಹೇಳಿದೆ. ತಂತ್ರಿಗಳನ್ನು ಕೇಳಿದಾಗ, ಮರ ಉಳಿಸಿಕೊಂಡರೆ ಶಾಸ್ತ್ರಕ್ಕೆ ವಿರೋಧವೇನೂ ಇಲ್ಲ ಎಂದರು. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗಳು ಒಂದೊಂದೇ ಮರದ ಹೆಸರು ಕೇಳಿ ಬರೆದುಕೊಂಡಳು. ಎರಡು ಮರಗಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಸದ್ಯಕ್ಕೆ ಗ್ರಾನೈಟ್ ಬೇಡ, ಕುಸಿದ ಮುರಕಲ್ಲಿನ ಅಂಚನ್ನಷ್ಟೇ ಕಟ್ಟೋಣ ಎಂದಾಯಿತು. ಎಲ್ಲರಿಗೂ ಒಪ್ಪಿಗೆಯಿಲ್ಲ, ಮುಂದಿನ ಪಂಚಮಿಗೆ ಈ ಮಾತು ಮತ್ತೆ ಏಳುತ್ತದೆ. ಅಷ್ಟರೊಳಗೆ ತೋಟ ಒತ್ತಿಕೊಂಡು ಬಂದ ಮೂಡುದಿಕ್ಕಿನ ಎರಡು ಸಾಲು ಅಡಿಕೆ ತೆಗೆದು, ಅಲ್ಲಿ ರೆಂಜೆ ಮತ್ತು ರಾಮಪತ್ರೆ ಸಸಿ ನೆಡುವುದಕ್ಕೆ ಗುಂಡಿ ತೋಡಿಸಬೇಕು.