ಅಪರಾಧಿ ಯಾರೆಂದು ಕೇಳುವ ಸಂಗೀತ

ಆರಾಧನೆಯ ಹಾಡು ಕೇಳುತ್ತ ಮೈಮರೆಯುವುದು ಪಾಪವೇ? ಸಂತ ಅಗಸ್ಟೀನ ತನ್ನ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಈ ಪ್ರಶ್ನೆಯೊಡನೆ ಸೆಣಸಿದ. ಅರ್ಥಕ್ಕಿಂತ ದನಿಯೇ ಹೆಚ್ಚು ಕರಗಿಸಿದರೆ ಅದು ತಪ್ಪೆಂದ. ಆದರೂ ದುರ್ಬಲ ಮನಸ್ಸು ಕಿವಿಯ ಸುಖದಿಂದಲೇ ಭಕ್ತಿಗೆ ಏರಲಿ ಎಂದು ಹಾಡುವ ಪದ್ಧತಿಯನ್ನು ಒಪ್ಪಿಕೊಂಡ. ಹನ್ನೊಂದು ಶತಮಾನಗಳ ಮೇಲೆ ಜೂರಿಕ್‌ನ ಸುಧಾರಕ ಜ್ವಿಂಗ್ಲಿ, ತಾನೇ ನುರಿತ ವಾದ್ಯಗಾರನಾಗಿದ್ದೂ, ಸಂಗೀತವನ್ನು ಆರಾಧನೆಯಿಂದ ಹೊರಗಿಟ್ಟ.

ಅಗಸ್ಟೀನ ಹೆದರಿದ್ದು ಸುಖಕ್ಕೆ. ನನ್ನ ಭಯ ಬೇರೆ: ಮನಸ್ಸು ಕರಗಿತೆಂದರೆ ನಾವು ಒಳ್ಳೆಯವರಾದೆವು ಎಂಬ ನಂಬಿಕೆಯ ಭಯ. ಆ ಭಯಕ್ಕೆ ಕಾರಣ ಒಂದು ಕೃತಿಯ ಚರಿತ್ರೆ.

ಜೊಹಾನ್ ಸೆಬಾಸ್ಟಿಯನ್ ಬಾಖ್‌ನ 'ಮತ್ತಾಯನ ಪ್ಯಾಶನ್' ಯೇಸುವಿನ ಯಾತನೆ, ಮರಣದ ಕಥೆ ಹಾಡುವ, ಎರಡು ಗಾಯಕವೃಂದ, ಎರಡು ವಾದ್ಯವೃಂದಗಳ ಮಹಾಕೃತಿ. 1727ರ ಗುಡ್ ಫ್ರೈಡೆಯಂದು ಲೈಪ್‌ಜಿಗ್‌ನ ಸಂತ ತೋಮಸ್ ಚರ್ಚಿನಲ್ಲಿ ಅದರ ಮೊದಲ ಪ್ರಯೋಗ ನಡೆಯಿತೆಂಬುದು ವಿದ್ವಾಂಸರ ಅಭಿಪ್ರಾಯ. ನಿಮ್ಮಲ್ಲೊಬ್ಬ ನನಗೆ ದ್ರೋಹ ಬಗೆಯುತ್ತಾನೆ ಎಂದು ಯೇಸು ನುಡಿದಾಗ ಶಿಷ್ಯರು ಕಳವಳದಿಂದ, ಅವನು ನಾನೋ ಎನ್ನುತ್ತಾರೆ. ಬಾಖ್ 'ಕರ್ತನೇ' ಎಂಬ ಕರೆಯನ್ನು ಹನ್ನೊಂದು ಸಲ ಕೇಳಿಸುತ್ತಾನೆ, ದ್ರೋಹ ಬಗೆಯಲಿದ್ದ ಯೂದನೊಬ್ಬ ಅಲ್ಲಿ ಮೌನಿ. ಆ ಪ್ರಶ್ನೆಗೆ ಉತ್ತರ ಬರುವುದು ಕಥೆಯ ಪಾತ್ರಗಳಿಂದಲ್ಲ. ಚರ್ಚಿಗೆ ಬಂದವರಿಗೆಲ್ಲ ಪರಿಚಿತವಾದ ರಾಗವೊಂದು ಎದ್ದು, ಶಿಕ್ಷೆಗೆ ಅರ್ಹ ನಾನೇ ಎನ್ನುತ್ತದೆ.

ಈ ಉತ್ತರದ ನೈತಿಕ ತೂಕ ದೊಡ್ಡದು. ಕ್ರಿಸ್ತನ ಸಾವಿನ ಹೊಣೆಯನ್ನು ಯೆಹೂದಿಗಳ ತಲೆಗೆ ಕಟ್ಟಿ, ಪವಿತ್ರ ವಾರದಲ್ಲೇ ಅವರ ಮೇಲೆ ಹಲ್ಲೆ ನಡೆಸಿದ ಚರಿತ್ರೆ ಯೂರೋಪಿನದು. ಆ ದ್ವೇಷ ನೆಪವಾಗಿಸಿಕೊಂಡ ಸುವಾರ್ತೆಯ ಮಾತುಗಳೂ ಇದೇ ಕೃತಿಯಲ್ಲಿವೆ. ಯಾವುದನ್ನು ಎದೆಗೆ ಇಳಿಸಿಕೊಳ್ಳಬೇಕೆಂದು ಸಂಗೀತ ನಿರ್ಧರಿಸದು. ಕೇಳುವವನ ವಿವೇಕ ನಿರ್ಧರಿಸಬೇಕು.

ಜನ ಹೆಚ್ಚುಕಡಿಮೆ ಮರೆತಿದ್ದ ಈ ಕೃತಿಯನ್ನು 1829ರಲ್ಲಿ ಬರ್ಲಿನ್‌ನಲ್ಲಿ ಮತ್ತೆ ಕೇಳಿಸಿದವನು ಇಪ್ಪತ್ತರ ಹರೆಯದ ಫೆಲಿಕ್ಸ್ ಮೆಂಡೆಲ್ಸೊನ್. ಯೆಹೂದಿ ಮನೆತನದಲ್ಲಿ ಹುಟ್ಟಿ ಬಾಲ್ಯದಲ್ಲಿ ಕ್ರೈಸ್ತ ದೀಕ್ಷೆ ಪಡೆದವನು. ಮುಂದೆ ಲೈಪ್‌ಜಿಗ್ ಅವನ ಪ್ರತಿಮೆ ನಿಲ್ಲಿಸಿತು. 1936ರ ನವೆಂಬರ್‌ನಲ್ಲಿ ಮೇಯರ್ ಕಾರ್ಲ್ ಗೋರ್ಡೆಲರ್ ಊರಲ್ಲಿಲ್ಲದಾಗ ನಾತ್ಸಿಗಳು ಅದನ್ನು ಕಿತ್ತುಹಾಕಿದರು. ಗೋರ್ಡೆಲರ್ ಪ್ರತಿಭಟಿಸಿ ಅಧಿಕಾರ ತೊರೆದರು. ಬಾಖ್‌ನ ಸಂಗೀತ ಮಾತ್ರ ನಿಲ್ಲಲಿಲ್ಲ. 1941ರಲ್ಲಿ, ಯುದ್ಧದ ನಡುವೆ, ಅದೇ ತೋಮಸ್ ಚರ್ಚಿನ ಗಾಯಕವೃಂದ ಇದೇ ಪ್ಯಾಶನ್ ಹಾಡಿ ಧ್ವನಿಮುದ್ರಿಸಿತು. ಅಪರಾಧಿ ನಾನೇ ಎಂಬ ಹಾಡು ಕೇಳುತ್ತಲೇ ಒಂದು ಸಮಾಜ ಪರರನ್ನು ಅಪರಾಧಿಗಳೆಂದು ಅಟ್ಟುತ್ತಿತ್ತು.

ಹಾಗೆಂದು ಜ್ವಿಂಗ್ಲಿಯ ದಾರಿ ಸರಿಯಲ್ಲ. ಹಾಡನ್ನು ಹೊರಗಟ್ಟಿದರೆ ಕ್ರೌರ್ಯ ಹೊರಗೆ ಹೋಗದು. ಈ ಸಂಗೀತ ಮನುಷ್ಯನ ಸೃಷ್ಟಿ. ದೇವರನ್ನು ನಂಬುವವರಿಗೆಷ್ಟೋ ನಂಬದವರಿಗೂ ಅಷ್ಟೇ ಸೇರಿದ್ದು. ಅದು ನಮ್ಮ ಅಹಂಕಾರದ ಬಿಗಿಯನ್ನು ಕೆಲವು ಗಳಿಗೆ ಸಡಿಲಿಸುತ್ತದೆ. ಆ ಸಡಿಲಿನಲ್ಲಿ ಏನು ಬಿತ್ತುತ್ತೇವೆ ಎಂಬುದು ನಮ್ಮ ಹೊಣೆ. ಕಣ್ಣು ತುಂಬಿ ಬಂದರೆ ಬರಲಿ. ಆದರೆ ಮರುದಿನ ನೆರೆಯವನ ಮೇಲೆ ತಪ್ಪು ಹೊರಿಸುವ ಮುನ್ನ, ಅವನು ನಾನೋ ಎಂಬ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳೋಣ.