ತೆರೆದಿದ್ದು ಹತ್ತು, ಓದಿದ್ದು ಎಷ್ಟು?



ತಮಿಳು ಬಲಿಪೂಜೆಗೆ ಹೋದಾಗ ನಾವು ಯುವಜನರು ಮೊಬೈಲಿನಲ್ಲಿ ಅಂದಿನ ಕನ್ನಡ ವಾಚನಗಳನ್ನು ತೆರೆದುಕೊಳ್ಳುತ್ತೇವೆ. ಇದರಲ್ಲಿ ತಪ್ಪೇನಿಲ್ಲ. ಮನೆಮಾತಿನಲ್ಲಿ ಓದಿದ್ದು ಮನಸ್ಸಿಗೆ ನಾಟುತ್ತದೆ. ಆದರೆ ಕಳೆದ ತಿಂಗಳು ಒಂದು ಭಾನುವಾರ, ಓದುತ್ತಿರುವಾಗಲೇ ವಾಟ್ಸಾಪ್ ಸಂದೇಶ ಬಂತು. ಅದರಲ್ಲಿದ್ದ ಲಿಂಕ್ ಒತ್ತಿದೆವು, ಅಲ್ಲಿಂದ ಕ್ರಿಕೆಟ್ ಸ್ಕೋರಿಗೆ ಹೋದೆವು. ವಿಶ್ವಾಸಿಗಳ ಪ್ರಾರ್ಥನೆಗೆ ಬಾಯಿ ಮಾತ್ರ ಎಲ್ಲರ ಜೊತೆ ಉತ್ತರ ಕೊಡುತ್ತಿತ್ತು.

ಪೂಜೆ ಮುಗಿದ ಮೇಲೆ ಒಬ್ಬ ಅಜ್ಜಿಯನ್ನು, "ಅಜ್ಜ ಬರಲಿಲ್ವಾ?" ಎಂದು ಕೇಳಿದೆವು.

"ಆಸ್ಪತ್ರೆಯಲ್ಲಿದ್ದಾರೆ ಮಕ್ಕಳೇ. ಈಗ ತಾನೇ ಅವರ ಹೆಸರು ಹೇಳಿ ಎಲ್ಲರೂ ಪ್ರಾರ್ಥಿಸಿದೆವಲ್ಲ?" ಎಂದರು. ನಮಗೆ ತಲೆ ಎತ್ತಲಾಗಲಿಲ್ಲ.

ಹಾಗಾದರೆ ಒಟ್ಟಿಗೆ ಹತ್ತು ಪುಟ ತೆರೆಯುವುದೇ ತಪ್ಪೇ? ಮಸಿನಗುಡಿ ಕಡೆಯ ಗೆಳೆಯರು ಸಿಗ್ನಲ್ ಸಿಕ್ಕಾಗ ಬೇಕಾದ ಪುಟಗಳನ್ನೆಲ್ಲ ತೆರೆದಿಟ್ಟು, ಆಮೇಲೆ ಒಂದೊಂದಾಗಿ ಓದುತ್ತಾರೆ. ಅದು ಜಾಣತನ. ಅಮ್ಮ ಕುಕ್ಕರಿನ ಸೀಟಿಗೆ ಕಿವಿಗೊಟ್ಟುಕೊಂಡೇ ತಂಗಿಗೆ ಮಗ್ಗಿ ಹೇಳಿಕೊಡುತ್ತಾರೆ. ಅದು ಪ್ರೀತಿ. ಎಷ್ಟು ಕೆಲಸ ಎಂಬುದಲ್ಲ ಪ್ರಶ್ನೆ, ಮನಸ್ಸು ಎಲ್ಲಿದೆ ಎಂಬುದು.

ಕಂಪ್ಯೂಟರಿನ ಪಾಠದಲ್ಲಿ ನಾವು ಕಲಿತದ್ದೊಂದಿದೆ. ಒಂದೇ ಕೋರ್ ಇರುವ ಪ್ರೊಸೆಸರ್ ಹಲವು ಕೆಲಸಗಳನ್ನು ಒಟ್ಟಿಗೆ ಮಾಡುವಂತೆ ಕಾಣುತ್ತದೆ; ನಿಜವಾಗಿ ಒಂದನ್ನು ನಿಲ್ಲಿಸಿ ಇನ್ನೊಂದಕ್ಕೆ ಹಾರುತ್ತದೆ. ಆದರೆ ನಿಲ್ಲಿಸಿದ ಜಾಗವನ್ನು ತಪ್ಪದೆ ಗುರುತಿಟ್ಟುಕೊಳ್ಳುತ್ತದೆ. ನಮಗೆ ಅದು ಸಾಧ್ಯವಿಲ್ಲ. ಏಕಕಾಲಕ್ಕೆ ಹಲವು ಮಾಧ್ಯಮಗಳಲ್ಲಿ ತೊಡಗುವ ರೂಢಿ ಹೆಚ್ಚಿರುವವರಿಗೆ ಬೇಡದ್ದನ್ನು ಬದಿಗಿಡುವುದು ಹೆಚ್ಚು ಕಷ್ಟವಾಗುತ್ತದೆಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ತೋರಿಸಿದರು.

ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಮಾರ್ತಳ ಅಡುಗೆಯನ್ನು ದೂರಲಿಲ್ಲ. ಹಲವು ಚಿಂತೆಗಳಲ್ಲಿ ಹಂಚಿಹೋದ ಅವಳ ಮನಸ್ಸನ್ನು ಅವಳಿಗೇ ತೋರಿಸಿದರು. ಮನೆಗೆ ಬಂದ ಅತಿಥಿಗೆ ಎಲ್ಲವನ್ನೂ ಕೊಡಲು ಓಡಾಡಿದವಳು ತನ್ನನ್ನೇ ಕೊಡಲು ಮರೆತಿದ್ದಳು. ಅಂದು ದೇವಾಲಯದಲ್ಲಿ ನಾವು ಅಡುಗೆಯನ್ನೂ ಮಾಡಿರಲಿಲ್ಲ!

2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಕಾರ್ಲೊ ಅಕುಟಿಸ್ ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದವರು. ಅದೇ ಅಂತರ್ಜಾಲ ಅವರನ್ನು ಪೀಠದಿಂದ ದೂರ ಒಯ್ಯಲಿಲ್ಲ. ಬೇರೆಯವರನ್ನೂ ಪೀಠದ ಹತ್ತಿರ ತಂದಿತು.

ಇನ್ನು ಮುಂದೆ ಕನ್ನಡ ವಾಚನಗಳನ್ನು ಶನಿವಾರ ರಾತ್ರಿಯೇ ಮನೆಯಲ್ಲಿ ಓದಿಕೊಂಡು, ದೇವಾಲಯದಲ್ಲಿ ಮೊಬೈಲ್ ಆಫ್ ಮಾಡಿ ಕೂರುವುದೆಂದು ನಮ್ಮ ಯುವಜನರು ನಿಶ್ಚಯಿಸಿದ್ದೇವೆ. ಬರುವ ಭಾನುವಾರ ಸಂಜೆ ಆ ಅಜ್ಜಿಯ ಮನೆಯಲ್ಲಿ ಜಪಸರ ಪ್ರಾರ್ಥನೆ. ಅಜ್ಜನ ಹೆಸರನ್ನು ಈ ಸಲ ನಾವೇ ಹೇಳುತ್ತೇವೆ. ನೀವೂ ಬನ್ನಿ.

– ಯುವಜನ ಸಂಯೋಜಕರು